ದರದ ಹಿಂದೆ ಓಡಿದ ಆಟ

ದರದ ಗೆರೆ ಜಾರಿತು, ವಿಡಿಯೋ ಗೇಮಿನಲ್ಲಿ ಇನ್ನೂ ಏನೂ ಆಗಿಲ್ಲ, ಎರಡೂ ತಂಡದವರು ಪರದೆಯೊಳಗಿನ ಆ ಹಾಳು ಗೋದಾಮಿನಲ್ಲಿ ಗೋಡೆಗೆ ಅಂಟಿಕೊಂಡು ಬಂದೂಕು ಹಿಡಿದು ನಿಂತೇ ಇದ್ದಾರೆ, ಆದರೂ ಪಕ್ಕದ ಪರದೆಯಲ್ಲಿ ಬಾಜಿಯ ದರ ದಡಕ್ಕನೆ ಕೆಳಗಿಳಿಯಿತು — ನನ್ನ ತಂಗಿಯ ತಂಡ ಈ ಸುತ್ತು ಸೋಲುತ್ತದೆ ಎಂದು ಯಾರೋ ದುಡ್ಡು ಸುರಿಯುತ್ತಿದ್ದಾರೆ, ಸುರಿಯಲಿ, ಸೋಲು ಗೆಲುವು ಇದ್ದದ್ದೇ, ಆದರೆ ಆಟದ ಹಿಂದೆ ದರ ಓಡಬೇಕು, ದರದ ಹಿಂದೆ ಆಟ ಓಡಿದರೆ ಮೋಸ, ಕೈಯೆತ್ತಿ ಪಂದ್ಯ ನಿಲ್ಲಿಸು, ಅದಕ್ಕೇ ನನಗೆ ಸಂಬಳ. ತಂಗಿಯ ಪಂದ್ಯ ನಾನು ನೋಡಬಾರದು ಸರ್ ಅಂದಿದ್ದೆ, ಬಾಸ್ ಕೇಳಲಿಲ್ಲ, ಇವತ್ತು ಬೇರೆ ಯಾರೂ ಇಲ್ಲಮ್ಮ, ನೀನು ಬರೀ ದರ ನೋಡು, ಆಟ ಇವನು ನೋಡ್ಕೋತಾನೆ, ಇವನು ಅಂದರೆ ಪಕ್ಕದ ಮೇಜಿನ ಲೆಕ್ಕಾಚಾರಿ, ಬಿಸ್ಕತ್ತಿನ ಪುಡಿಯನ್ನು ಕೀಲಿಮಣೆಯಿಂದ ಊದುತ್ತಿದ್ದಾನೆ, ಬಿಡಿ ಮೇಡಂ, ಅಭಿಮಾನಿಗಳು ತಲೆಕೆಟ್ಟು ಕಟ್ಟಿರ್ತಾರೆ. ಇರಬಹುದು, ಅಯ್ಯೋ ಇರಲಿ. ಆದರೆ ಅಭಿಮಾನಿ ಯಾರಾದರೂ, ಹಿಂಬಾಗಿಲು ಕಾಯುವವಳೇ ಮೊದಲು ಸಾಯುತ್ತಾಳೆ ಎಂದು ಬಾಜಿ ಕಟ್ಟುತ್ತಾರೆಯೇ, ಅದೂ ನಿನ್ನೆ ಮೊನ್ನೆ ತೆರೆದ ಖಾತೆಗಳಿಂದ, ಎಲ್ಲರೂ ಒಟ್ಟಿಗೆ? ಹಿಂಬಾಗಿಲು ತಂಗಿಯದು. ಯಾವಾಗಲೂ ಅವಳದೇ, ಹೊಗೆಬಾಂಬು ಎಸೆಯದೆ ಆ ಬಾಗಿಲು ದಾಟುವವಳಲ್ಲ, ರಸ್ತೆ ದಾಟುವಾಗಲೂ ನನ್ನ ತೋಳು ಹಿಡಿದು ಎರಡೂ ಕಡೆ ನೋಡಿಸುವವಳು — ಈಗ ದಾಟಿದಳು. ಹೊಗೆಯಿಲ್ಲ, ಏನಿಲ್ಲ, ಸಂತೆಗೆ ಹೊರಟವಳ ಹಾಗೆ ನಡೆದು ಹೋದಳು, ಗುಂಡು ತಿಂದು ಬಿದ್ದಳು.

ಫೋನು ಮಿಣುಕಿತು, ಮನೆಯಲ್ಲಿ ಲೈವ್ ನೋಡುತ್ತಿರುವ ಅಮ್ಮನ ಮೆಸೇಜು, ನಮ್ಮ ಚಿಕ್ಕದು ಯಾವ್ದೇ, ಆ ಬಿದ್ದಿದ್ದಾ? ಹೌದಮ್ಮ, ಬಿದ್ದದ್ದೇ ನಮ್ಮದು. ಪರದೆಯ ಮೂಲೆಯ ಕ್ಯಾಮೆರಾ ಚೌಕದಲ್ಲಿ ತಂಗಿಯ ಮುಖ, ನಿಜವಾಗಿ ಎಡವಿದರೆ ಮೌಸಿಗೆ ಬೈಯುತ್ತಾಳೆ, ಕುರ್ಚಿಗೆ ಬೈಯುತ್ತಾಳೆ, ಹುಟ್ಟಿದ ಗಳಿಗೆಗೂ ಬೈಯುತ್ತಾಳೆ, ಇವತ್ತು ತುಟಿ ಪಿಟಕ್ಕೆನ್ನಲಿಲ್ಲ. ಮೊನ್ನೆ ತಲೆ ಒರೆಸಿಕೊಳ್ಳುತ್ತ ಕೇಳಿದ್ದು ಇದಕ್ಕೇನಾ, ಅಕ್ಕಾ, ನೀವು ಒಂದೊಂದು ಸುತ್ತನ್ನೂ ನೋಡ್ತೀರಾ, ಇಡೀ ಪಂದ್ಯ ಮಾತ್ರಾನಾ, ನಮ್ಮ ಕೆಲಸದ ಬಗ್ಗೆ ಇವಳಿಗೂ ಕುತೂಹಲ ಬಂತಲ್ಲ ಎಂದು ನಾನು ಉಬ್ಬಿಹೋಗಿದ್ದೆ. ಯಾರು ಹಿಡಿದರು ನಿನ್ನನ್ನು, ಹೆದರಿಸಿದರೋ, ಆಸೆ ತೋರಿಸಿದರೋ, ನನಗೊಂದು ಮಾತು — ಇನ್ನೊಂದು ಸುತ್ತು ಶುರುವಾಗುತ್ತಿದೆ, ಗೆರೆ ಮತ್ತೆ ಇಳಿಯುತ್ತಿದೆ, ನಾನು ಸುಮ್ಮನಿದ್ದರೆ ಯಾರಿಗೂ ತಿಳಿಯದು, ಲೆಕ್ಕಾಚಾರಿ ಬಿಸ್ಕತ್ತಿನಲ್ಲೇ ಮುಳುಗಿದ್ದಾನೆ, ಕೈಯೆತ್ತಿದರೆ ಅವಳು ಜನ್ಮದಲ್ಲಿ ಮತ್ತೆ ಆಡುವಂತಿಲ್ಲ, ಆಟ ಬಿಟ್ಟರೆ ಅವಳಿಗೆ ಬೇರೇನೂ ಬರುವುದಿಲ್ಲ, ಉಳಿದ ನಾಲ್ವರು ಹುಡುಗಿಯರು ಮಾತ್ರ ಗಂಟಲು ಹರಿಯುವಂತೆ ಕೂಗಿಕೊಂಡು ಪ್ರಾಣ ಬಿಟ್ಟು ಆಡುತ್ತಿದ್ದಾರೆ, ಅವರಿಗೇನೂ ಗೊತ್ತಿಲ್ಲ, ಅವರಲ್ಲಿ ಒಬ್ಬಳು ನಮ್ಮ ಮನೆಯಲ್ಲಿ ಉಂಡು ಮಲಗಿ ಹೋದವಳು. ಸರ್, ಪಂದ್ಯ ನಿಲ್ಲಿಸಿ. ಇದು ನನ್ನದೇ ದನಿಯೇ? ಬಾಸ್ ತಿರುಗಿದರು, ಯಾರಮ್ಮ, ಯಾವ ಆಟಗಾರ್ತಿ? ಹಿಂಬಾಗಿಲಿನವಳು ಸರ್. ಅವಳು ನಿನ್ನ… ಹೌದು ಸರ್.

ನಿಂತಿತು, ಪರದೆಯ ತುಂಬ ಆಟ ಹಾಗೇ ಹೆಪ್ಪುಗಟ್ಟಿತು, ನಾಲ್ವರೂ ದಡಬಡ ಎದ್ದರು, ಕೋಚ್ ಓಡಿ ಬಂದ, ಏನಾಯ್ತು, ಯಾಕೆ ನಿಲ್ಲಿಸಿದ್ರು, ಕರೆಂಟಾ, ಎಲ್ಲರ ಬಾಯಲ್ಲೂ ಅದೇ, ಅವಳೊಬ್ಬಳು ಕೇಳಲಿಲ್ಲ, ಕೇಳೇ, ಸುಳ್ಳಿಗಾದರೂ ಏನಾಯ್ತು ಅಂತ ಕೇಳೇ, ಕೇಳಲಿಲ್ಲ, ಹೆಡ್‌ಫೋನು ತೆಗೆದು ಮಡಿಲಲ್ಲಿಟ್ಟುಕೊಂಡು ಅದರ ವೈರನ್ನು ಕೈಗೆ ಸುತ್ತುತ್ತಿದ್ದಾಳೆ, ಕೋಚ್ ಭುಜ ಅಲುಗಿಸುತ್ತಿದ್ದಾನೆ, ವೈರನ್ನು ಸುತ್ತುತ್ತಿದ್ದಾಳೆ, ಅಮ್ಮನ ಮೆಸೇಜಿಗೆ ನನ್ನ ಫೋನು ಮತ್ತೆ ಮಿಣುಕುತ್ತಿದೆ, ನಿಧಾನವಾಗಿ, ಒಂದರ ಪಕ್ಕ ಒಂದು, ಎಳೆ ತಪ್ಪದಂತೆ, ವೈರನ್ನು ಸುತ್ತುತ್ತಿದ್ದಾಳೆ