ಬಾಗಿಲಿಗೊಂದು ಅಂಗೈ

"ಸೊಟ್ಟ ಮಾಡೋ ಬೋಳಿಮಗನೇ, ಸೊಟ್ಟ. ಇದೇನು ಇಸ್ಕೂಲು ಕಟ್ತಾ ಇದ್ದೀಯಾ?"

ಮ್ಯಾನೇಜರು ಹೀಗೆ ಬೈದು ನನ್ನ ಗೋಡೆಯನ್ನು ಬೂಟುಗಾಲಿನಲ್ಲಿ ಒದ್ದ. ಗೋಡೆ ಬೀಳಲಿಲ್ಲ, ಅವನೇ ಬಿದ್ದ. ನಾನು ಕಟ್ಟಿದ ಮಣ್ಣಿನ ಗೋಡೆ ಅಂದರೆ ಹಾಗೆ. ಆನೆ ಬಂದು ಬೆನ್ನುಜ್ಜಿಕೊಂಡರೆ ಆನೆಯ ಚರ್ಮ ಸುಲಿಯಬಹುದೇ ಹೊರತು ಗೋಡೆಯ ಒಂದು ಹೆಂಟೆಯೂ ಉದುರುವುದಿಲ್ಲ. ತೂಗುಗುಂಡು ನನ್ನ ಗೋಡೆಯ ಪಕ್ಕಕ್ಕೆ ಬಂದು, ತಾನು ನೆಟ್ಟಗಿದ್ದೇನೋ ಇಲ್ಲವೋ ಎಂದು ನೋಡಿಕೊಂಡು ಹೋಗುತ್ತದೆ. ಅಂಥ ಗೋಡೆಯನ್ನು, ನೆಟ್ಟಗೆ ಬಂದಿದೆ ಎಂಬ ತಪ್ಪಿಗೆ, ನನ್ನ ಕೈಯಿಂದಲೇ ಕೆಡವಿಸಿದರು.

ನಕ್ಷೆಯಲ್ಲಿ ಗೋಡೆ ಎಡಕ್ಕೆ ವಾಲಿತ್ತು. ನಕ್ಷೆ ಬರೆದದ್ದು ನಮ್ಮಪ್ಪನ ಮನೆಯನ್ನು ನೋಡಿ. ಅಪ್ಪ ಆ ಗೋಡೆ ಎಬ್ಬಿಸಿದ ದಿನ ಕುಡಿದಿದ್ದ.

ಧಣಿ ಬೆಟ್ಟದ ನೆತ್ತಿಯಲ್ಲಿ ಹೋಟೆಲು ಕಟ್ಟಿಸುತ್ತಿದ್ದ. ಸಾಧಾರಣ ಹೋಟೆಲಲ್ಲ, ನಮ್ಮ ಹಟ್ಟಿಯ ಮನೆಗಳ ಹಾಗೇ ಇರುವ, ಒಳಗೆ ಬಿಸಿನೀರು ಬರುವ ಮನೆಗಳು. ಅದಕ್ಕಾಗಿ ಹಟ್ಟಿಯ ಮನೆಗಳನ್ನು ಅಳೆದರು, ಫೋಟೋ ಹೊಡೆದರು, ಆಮೇಲೆ ಕೆಡವಿದರು. ನಮ್ಮನ್ನು ಇಳಿಜಾರಿನ ಕೆಳಗೆ, ಜನರೇಟರಿನ ಪಕ್ಕ, ತಗಡಿನ ಶೆಡ್ಡುಗಳಿಗೆ ಕಳಿಸಿದರು. ಅಲ್ಲಿ ಗಂಡ ಹೆಂಡತಿ ಗುಟ್ಟು ಮಾತಾಡಬೇಕಾದರೂ ಕೂಗಬೇಕು. ಇಡೀ ಹಟ್ಟಿಯ ಗುಟ್ಟುಗಳೆಲ್ಲ ಒಂದೇ ವಾರದಲ್ಲಿ ಮುಗಿದುಹೋದವು.

ನಕ್ಷೆ ಬರೆದ ಹೆಂಗಸನ್ನು ನಾವು ನಕ್ಷೆಯಮ್ಮ ಅನ್ನುತ್ತಿದ್ದೆವು. ಒಳ್ಳೆಯವಳು. ಕೆಡವುವ ಮೊದಲು ನಮ್ಮ ಮನೆಗೆ ದಿನಾ ಬಂದು ನೆಲದ ಮೇಲೆ ಕೂತು, ಮಸಿ ಹಿಡಿದ ಸೂರನ್ನು ದೇವರ ಮುಖ ನೋಡುವ ಹಾಗೆ ನೋಡುತ್ತಿದ್ದಳು. ಪ್ರತಿಯೊಂದಕ್ಕೂ ಅರ್ಥ ಕೇಳುತ್ತಿದ್ದಳು. ಕೇಳಿದವರಿಗೆ ಇಲ್ಲ ಅಂದವನಲ್ಲ ನಾನು. ಇಲಿ ಕೊರೆದ ತೂತಿಗೆ ಗಾಳಿಗೂಡು ಅಂದೆ. ಸೂರು ನಡುವೆ ಕುಸಿದದ್ದಕ್ಕೆ, ಬೆಟ್ಟದ ಬೆನ್ನಿನ ಬಾಗು ನೋಡಿ ಇಳಿಸಿದ್ದು ಅಂದೆ. ಅವಳು ಬರೆದುಕೊಂಡಳು. ಆಮೇಲೆ ಆ ಹೋಟೆಲಿನ ಮನೆಮನೆಯಲ್ಲೂ ಇಲಿ ತೂತುಗಳನ್ನು ಉಳಿ ಹಿಡಿದು ಕೆತ್ತಿದವನೂ ನಾನೇ. ಇಲಿಗಳು ನೋಡಿದ್ದರೆ ನಾಚಿಕೊಂಡು ಊರು ಬಿಡುತ್ತಿದ್ದವು.

ಮನೆ ಕೆಡವುವ ಮೊದಲು ಒಂದು ದಿನ ಅವಳ ಜೊತೆ ಧಣಿಯೂ ಬಂದ.

"ಬಾಗಿಲು ಯಾಕಪ್ಪಾ ಇಷ್ಟು ಗಿಡ್ಡ?" ಅಂತ ನಕ್ಷೆಯಮ್ಮ ಕೇಳಿದಳು.

ಹಟ್ಟಿಯಲ್ಲಿ ಇದು ಹೊಟ್ಟೆಯಲ್ಲಿರುವ ಕೂಸಿಗೂ ಗೊತ್ತು. ಧಣಿಯ ತಾತ ತನ್ನ ಕೋಲನ್ನು ನೆಲಕ್ಕೆ ಊರಿ, ಈ ಕೋಲಿಗಿಂತ ಎತ್ತರದ ಬಾಗಿಲು ಹಟ್ಟಿಯಲ್ಲಿ ಕಂಡರೆ ಮನೆಗೆ ಬೆಂಕಿ ಇಡಿಸುತ್ತೇನೆ ಅಂದಿದ್ದ. ತಾನು ಹಾದುಹೋಗುವಾಗ ಯಾವನೂ ತಲೆಯೆತ್ತಿಕೊಂಡು ಮನೆಯಿಂದ ಹೊರಗೆ ಬರಕೂಡದು ಅಂತ.

ಧಣಿ ಕೈಕಟ್ಟಿ ನನ್ನನ್ನೇ ನೋಡುತ್ತಿದ್ದ.

"ಬೆಟ್ಟಕ್ಕೆ ನಮಸ್ಕಾರ ಮಾಡ್ಕೊಂಡೇ ಒಳಗೆ ಹೋಗ್ಬೇಕು, ಹೊರಗೆ ಬರ್ಬೇಕು ಅಮ್ಮಾ. ಅದಕ್ಕೇ," ಅಂದೆ.

ನಕ್ಷೆಯಮ್ಮನ ಕಣ್ಣು ತುಂಬಿ ಬಂತು. ಧಣಿ ನಕ್ಕ. "ನಮ್ಮ ಜನ ಅಂದ್ರೆ ಹಾಗೇನೇ. ಎಷ್ಟು ವಿನಯ ನೋಡಿ."

ಅವರು ಹೋದ ಮೇಲೆ, ಒಲೆಯ ಮುಂದೆ ಕೂತಿದ್ದ ನನ್ನ ಹೆಂಡತಿ ಊದುಗೊಳವೆ ಕೆಳಗಿಟ್ಟಳು. "ನಮಸ್ಕಾರವಂತೆ. ಥೂ ನಿನ್ನ. ಸುಳ್ಳು ಹೇಳೋದಾದ್ರೆ ಬಾಗಿಲು ದೊಡ್ಡದಾಗೋ ಅಂಥ ಸುಳ್ಳಾದ್ರೂ ಹೇಳ್ಬಾರ್ದಾ?"

ಹೋಟೆಲು ಎದ್ದಿತು. ನಾನು ಎಬ್ಬಿಸಿದ ಗೋಡೆಗಳನ್ನೆಲ್ಲ ಅಂಗೈಯಿಂದ ಸಾರಿಸಿ ನುಣುಪು ಮಾಡಿದವಳು ಅವಳೇ. ಎಂಥ ನುಣುಪು ಅಂದರೆ, ನೊಣ ಕೂತರೆ ಜಾರಿ ಬಿದ್ದು ಸೊಂಟ ಮುರಿದುಕೊಳ್ಳುತ್ತಿತ್ತು. ಆಮೇಲೆ ಅತಿಥಿಗಳು ಬಂದರು. ಬೆಟ್ಟಕ್ಕೆ ನಮಸ್ಕಾರ ಮಾಡುವುದು ಅವರಿಗೆ ಬರಲಿಲ್ಲ. ಬಾಗಿಲ ಮೇಲಿನ ಪಟ್ಟಿಗೆ ತಲೆ ಬಡಿಯುವ ಸದ್ದು ಜನರೇಟರನ್ನೂ ಮೀರಿಸಿತು. ಬೋಳುತಲೆಯ ಸದ್ದು ಬೇರೆ, ಕೂದಲಿದ್ದ ತಲೆಯ ಸದ್ದು ಬೇರೆ. ಶೆಡ್ಡಿನಲ್ಲಿ ಕೂತೇ ಯಾರದು ಅಂತ ಹೇಳಿಬಿಡುತ್ತಿದ್ದೆ.

ಬಾಗಿಲು ಎತ್ತರಿಸಿ ಅಂತ ಧಣಿ ಹೇಳಿದ. ಕೂಡದು ಅಂತ ನಕ್ಷೆಯಮ್ಮ ಫೋನಿನಲ್ಲಿ ಹೇಳಿದಳು. ಇಡೀ ಹೋಟೆಲಿನ ಜೀವ ಇರುವುದೇ ಆ ಬಾಗಿಲಲ್ಲಂತೆ. ಕೊನೆಗೆ ಮ್ಯಾನೇಜರು ಶೆಡ್ಡಿಗೆ ಬಂದು ನಮ್ಮನ್ನೆಲ್ಲ ನಿಲ್ಲಿಸಿಕೊಂಡ.

"ಬಾಗಿಲಿಗೊಬ್ರು ನಿಲ್ಲಬೇಕು. ಅತಿಥಿ ಬಂದ್ರೆ ನಗಬೇಕು, ಅಂಗೈನ ಪಟ್ಟಿ ಕೆಳಗೆ ಇಡಬೇಕು. ತಲೆ ಮರಕ್ಕೆ ತಾಗ್ಬಾರ್ದು, ಕೈಗೆ ತಾಗ್ಬೇಕು. ಅರ್ಥ ಆಯ್ತಾ? ಕೈ ಇಟ್ಟೋರಿಗೆ ಶೆಡ್ಡು. ಇಡದೋರು ಬೆಟ್ಟ ಇಳೀರಿ."

ಹಾಗೆ ನಮ್ಮ ಹಟ್ಟಿ ಬಾಗಿಲುಗಳಿಗೆ ಹಂಚಿಹೋಯಿತು. ಕೆಳಗೆ ನಮಗೆ ಯಾವ ಊರೂ ಇರಲಿಲ್ಲ.

ಮೊದಮೊದಲು ಅತಿಥಿಗಳು ಒಂಚೂರು ಬಗ್ಗುತ್ತಿದ್ದರು. ಕೈ ಇದೆ ಅಂತ ಗೊತ್ತಾದ ಮೇಲೆ ಅದನ್ನೂ ಬಿಟ್ಟರು. ಫೋನಿನಲ್ಲಿ ಮಾತಾಡುತ್ತಾ, ಹಿಂದೆ ತಿರುಗಿ ನಗುತ್ತಾ, ನೆಟ್ಟಗೆ ಬಂದು ಅಂಗೈಗೆ ಗುದ್ದಿ, ಒಳಗೆ ಹೋಗಿಬಿಡುತ್ತಿದ್ದರು. ನನ್ನ ಅಂಗೈಯೊಳಗೆ ಲೋಕದಲ್ಲಿರುವ ಬುದ್ಧಿವಂತಿಕೆಯೆಲ್ಲ ಇಳಿದಿದೆ, ಅಷ್ಟು ತಲೆ ತಾಗಿವೆ ಅಂತ ನಾನು ಎಲ್ಲರನ್ನೂ ನಗಿಸಿದೆ. ನನ್ನ ಹೆಂಡತಿ ನಗಲಿಲ್ಲ. ಅವಳ ಬಾಗಿಲು ಎಲ್ಲಕ್ಕಿಂತ ದೊಡ್ಡ ಮನೆಯದು; ಜನ ಹೋಗಿ ಬರುವುದು ಜಾಸ್ತಿ. ಬಲಗೈ ಊದಿತು. ಆಮೇಲೆ ಕಪ್ಪಾಯಿತು. ಆಮೇಲೆ ನೋವು ನಿಂತಿತು.

ನೋವು ನಿಂತಾಗ ನಾನು ಒಳ್ಳೆಯದಾಯಿತು ಅಂದುಕೊಂಡೆ. ಒಂದು ಬೆಳಿಗ್ಗೆ ಅವಳು ಒಲೆಯ ಮೇಲಿನ ಪಾತ್ರೆಯನ್ನು ಬಟ್ಟೆ ಹಿಡಿಯದೆ ಇಳಿಸಿದಳು. ಇಳಿಸಿ, ಹಿಡಿದುಕೊಂಡೇ ನಿಂತಳು. ಏನೋ ಸೀದ ವಾಸನೆ ಬಂತು.

"ಏನು ಸೀದಿದ್ದು?" ಅಂದಳು.

ನಾನು ಪಾತ್ರೆಯನ್ನು ಅವಳ ಕೈಯಿಂದ ಬಿಡಿಸಿದೆ.

ಮ್ಯಾನೇಜರ ಹತ್ತಿರ ಹೋದೆ. "ಸ್ವಾಮಿ, ಆ ಪಟ್ಟಿಗೆ ಒಂದು ಗೋಣಿಚೀಲ ಮಡಚಿ ಮೊಳೆ ಹೊಡೆದ್ರೆ ಮುಗೀತು. ನಾನೇ ಹೊಡೀತೀನಿ."

"ಗೋಣಿನಾ? ಇದೇನು ಎತ್ತಿನ ಗಾಡಿನೇನೋ? ಜನ ಆ ಕೈ ನೋಡೋಕೇ ಬರ್ತಿದಾರೆ. ಫೋಟೋ ತೆಗೀತಿದಾರೆ."

"ಅವಳ ಬಲಗೈ ಸತ್ತೋಗಿದೆ ಸ್ವಾಮಿ."

"ಎಡಗೈ ಇಲ್ವಾ?"

ಶೆಡ್ಡಿಗೆ ಬಂದು ಹೇಳಿದೆ. ಅವಳು ಸುಟ್ಟ ಅಂಗೈಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದಳು. ಎಣ್ಣೆ ತಾಗಿತೋ ಇಲ್ಲವೋ ಎಂದು ಕಣ್ಣಿನಿಂದ ನೋಡಿ ತಿಳಿದುಕೊಳ್ಳುತ್ತಿದ್ದಳು.

"ಎಡಗೈ ಕೊಡಲ್ಲ ಅನ್ನು."

"ಕೊಡದಿದ್ರೆ ಶೆಡ್ಡು ಖಾಲಿ ಮಾಡ್ಬೇಕಂತೆ. ನಾವಷ್ಟೇ ಅಲ್ಲ, ಎಲ್ಲಾರೂ. ಒಬ್ರು ಕೆಡಿಸಿದ್ರೆ ಎಲ್ಲಾರನ್ನೂ ಕಳಿಸ್ತಾನಂತೆ."

"ಕೇಳಿಸ್ತು," ಅಂದಳು. ಜನರೇಟರು ಜೋರಾಗಿ ಓಡುತ್ತಿತ್ತು. ನಾನು ಮತ್ತೊಮ್ಮೆ ಕೂಗಿ ಹೇಳಲಿಲ್ಲ.

ಮಾರನೆಯ ದಿನ ಹೋಟೆಲಿಗೆ ಬಹುಮಾನ ಕೊಡುವವರು ಬಂದರು. ನೆಲದ ಗುಣ ಉಳಿಸಿಕೊಂಡ ಕಟ್ಟಡ ಅಂತ ಬಹುಮಾನ. ನಕ್ಷೆಯಮ್ಮನೂ ಬಂದಿದ್ದಳು. ನಾವು ಒಗೆದ ಬಟ್ಟೆ ಹಾಕಿಕೊಂಡು ಬಾಗಿಲುಗಳಲ್ಲಿ ನಿಂತು ಕೈ ಮೇಲಿಟ್ಟೆವು. ಧಣಿ ಎಲ್ಲರನ್ನೂ ಕರೆದುಕೊಂಡು ದೊಡ್ಡ ಮನೆಯ ಕಡೆ ನಡೆದ. ಅವನಿಗೂ ಬಗ್ಗುವುದು ಮರೆತು ಎಷ್ಟೋ ದಿನವಾಗಿತ್ತು. ಬಂದವರ ಕಡೆ ಮುಖ ತಿರುಗಿಸಿ, "ಈ ಬಾಗಿಲು ನೋಡಿ, ನಮ್ಮ ಜನ ಇಲ್ಲಿ" ಅನ್ನುತ್ತಾ ದೊಡ್ಡ ಹೆಜ್ಜೆ ಹಾಕಿದ.

ನನ್ನ ಹೆಂಡತಿ ಎರಡೂ ಕೈಗಳನ್ನು ಸೆರಗಿನೊಳಗೆ ಸುತ್ತಿಕೊಂಡಳು.

ಬೆಟ್ಟವೇ ಅದುರಿತು ಅಂತ ಹೇಳಬಹುದು. ಹಾಗೇನೂ ಆಗಲಿಲ್ಲ. ಸಣ್ಣ ಸದ್ದು. ಧಣಿ ಹೊಸ್ತಿಲ ಮೇಲೆ ಕುಕ್ಕರಿಸಿದ. ಹುಬ್ಬಿನಿಂದ ರಕ್ತ ಇಳಿದು ಬಿಳಿ ಅಂಗಿಗೆ ಬಿತ್ತು.

"ಕೈ ಎಲ್ಲೇ, ಲೌಡಿ?" ಮ್ಯಾನೇಜರು ಓಡಿಬಂದ.

"ಇಲ್ಲೇ ಇದೆ."

"ಇಡೇ ಮೇಲೆ."

ಅವಳು ಅವನ ಕಡೆ ನೋಡಲಿಲ್ಲ. "ಬಗ್ಗಿ ಹೋಗಿ ಧಣೀ," ಅಂದಳು, ಮೆಲ್ಲಗೆ. "ನಾವೆಲ್ಲ ಹೋಗ್ತಿದ್ವಲ್ಲ."

ಪಕ್ಕದ ಬಾಗಿಲಲ್ಲಿದ್ದ ಮುದುಕಿ ತನ್ನ ಕೈ ಇಳಿಸಿದಳು. ಅದರಾಚೆಯವನು ಇಳಿಸಿದ. ಸಾಲಿನುದ್ದಕ್ಕೂ ಇಳಿದವು. ಎಲ್ಲದರಲ್ಲೂ ಮೊದಲಿಗ ನಾನು. ಅವತ್ತು ಎಲ್ಲರಿಗಿಂತ ಕೊನೆಗೆ ಇಳಿದದ್ದು ನನ್ನ ಕೈ.

ಮ್ಯಾನೇಜರು ಇಳಿಜಾರಿನ ತುದಿಗೆ ಹೋಗಿ ಕೆಳಗಿನ ತನ್ನ ಆಳುಗಳಿಗೆ ಏನೋ ಕೂಗಿದ. ಅತಿಥಿಗಳು ಬಾಗಿಲುಗಳ ಮುಂದೆ ಗಾಳಿಗೆ ಮೈಯೊಡ್ಡಿ ನಿಂತಿದ್ದರು. ಬಾಗಿಲುಗಳೆಲ್ಲ ತೆರೆದೇ ಇದ್ದವು. ಬಗ್ಗಿದರೆ ಒಳಗೆ ಹೋಗಬಹುದಿತ್ತು. ಯಾರೂ ಬಗ್ಗಲಿಲ್ಲ. ನಕ್ಷೆಯಮ್ಮ ನನ್ನ ಮುಖ ನೋಡುತ್ತಿದ್ದಳು, ಏನಾದರೂ ಹೇಳುತ್ತೇನೆ ಅಂತ. ನಾನು ನನ್ನ ಹೆಂಡತಿಯ ಕಡೆ ತಿರುಗಿದೆ.

ಕೆಳಗಿನಿಂದ ತಗಡು ಕೀಳುವ ಸದ್ದು ಬಂತು. ಮೊದಲು ಒಂದು ಶೆಡ್ಡಿನದು, ಆಮೇಲೆ ಇನ್ನೊಂದರದು. ನಮ್ಮದು ಯಾವುದೋ ಗೊತ್ತಾಗಲಿಲ್ಲ. ಯಾರೂ ಕೈ ಮೇಲೆತ್ತಲಿಲ್ಲ.