ಬ್ರೇಕರ್ ಡಯಲ್ ತಿರುಗಿಸಿದ ಬೆಳಿಗ್ಗೆ

ಮೂರನೇ ಡ್ರೈಯರ್ ಬಂದ ದಿನದಿಂದ ಲಾಂಡ್ರಿಗೆ ಈ ಕಾಟ ಶುರುವಾಯಿತು. ದಿನಕ್ಕೆ ಮೂರು ನಾಲ್ಕು ಸಲ ಮುಖ್ಯ ಬ್ರೇಕರ್ ಟಪ್ಪೆಂದು ಬೀಳುತ್ತಿತ್ತು. ಆಸ್ಪತ್ರೆಯ ಹಾಸಿಗೆ ಬಟ್ಟೆಗಳು ಅರ್ಧ ಒದ್ದೆಯಾಗಿಯೇ ಉಳಿಯುತ್ತಿದ್ದವು. ಲಾಂಡ್ರಿ ನಡೆಸುವವಳು ಅತ್ತಿಗೆ, ಯಂತ್ರ ನೋಡಿಕೊಳ್ಳುವವನು ಅವಳ ಮೈದುನ. ಅತ್ತಿಗೆಯ ತಾಯಿ ಹಿಂದಿನ ಗೋಡೆಗೆ ಒರಗಿ ಕೂತು ಒಣಗಿದ್ದನ್ನು ಮಡಚುತ್ತಿದ್ದರು.

ಆ ಬೆಳಿಗ್ಗೆ ಬ್ರೇಕರಿನ ಕೆಂಪು ದೀಪ ಹೊತ್ತಿ, ಅದು ಮತ್ತೆ ಬಿತ್ತು. ಹೊರಗೆ ಆಸ್ಪತ್ರೆಯ ವ್ಯಾನ್ ಹಾರ್ನ್ ಹೊಡೆಯುತ್ತಿತ್ತು. ಮೈದುನ ಬ್ರೇಕರಿನ ಮುಂದಿದ್ದ ಗಾಜಿನಂಥ ಮುಚ್ಚಳ ತೆಗೆದು, ಅಲ್ಲಿದ್ದ ಪುಟ್ಟ ಡಯಲ್‌ಗಳಲ್ಲಿ ಮೊದಲನೆಯದನ್ನು ಸಣ್ಣ ಸ್ಕ್ರೂಡ್ರೈವರಿನಿಂದ ಅತಿ ಹೆಚ್ಚಿನ ಅಂಕಿಯವರೆಗೂ ತಿರುಗಿಸಿದ.

"ಅದನ್ನೆಲ್ಲ ಮುಟ್ಟಬಹುದೇನಪ್ಪಾ?" ಅತ್ತಿಗೆ ಕೇಳಿದಳು.

"ಇದು ಸುಮ್‌ಸುಮ್ನೆ ಬೀಳ್ತಿದೆ ಅತ್ತಿಗೆ. ಒಂಚೂರು ಸಡಿಲ ಬಿಟ್ಟಿದೀನಿ, ಅಷ್ಟೇ."

ಬ್ರೇಕರಿನ ಹಿಡಿಯನ್ನು ಪೂರ್ತಿ ಕೆಳಕ್ಕೆ ಒತ್ತಿ ಮೇಲೆತ್ತಿದ. ಮೂರೂ ಡ್ರೈಯರ್ ಒಟ್ಟಿಗೆ ತಿರುಗಿದವು. ಎರಡು ಗಂಟೆ ಏನೂ ಬೀಳಲಿಲ್ಲ. ಮೈದುನ ಕಾಲರ್ ಎತ್ತಿಕೊಂಡು ಓಡಾಡಿದ.

ಅಷ್ಟರಲ್ಲಿ ಒಗೆಯಲು ಕೊಟ್ಟಿದ್ದ ತನ್ನ ಬಟ್ಟೆ ಒಯ್ಯಲು ಪರಿಚಯದ ಎಲೆಕ್ಟ್ರಿಷಿಯನ್ ಒಬ್ಬ ಬಂದ. ಜೇಬಿನಲ್ಲಿ ಸದಾ ಟೆಸ್ಟರ್ ಇಟ್ಟುಕೊಳ್ಳುವುದರಿಂದ ಅವನನ್ನು ಎಲ್ಲರೂ ಟೆಸ್ಟರ್ ಅಣ್ಣ ಎನ್ನುತ್ತಿದ್ದರು. ಬಾಗಿಲಲ್ಲೇ ನಿಂತು ಮೂಗರಳಿಸಿದ.

"ಏನೋ ಸುಟ್ಟ ವಾಸನೆ ಅಲ್ವಾ?"

"ಇಸ್ತ್ರಿ ವಾಸನೆ ಅಣ್ಣಾ. ಬ್ರೇಕರ್‌ನಲ್ಲಿ ಕೆಂಪು ದೀಪಾನೂ ಆರಿದೆ, ಹಸಿರೊಂದೇ ಮಿನುಗ್ತಿದೆ, ನೋಡಿ," ಎಂದ ಮೈದುನ.

ಟೆಸ್ಟರ್ ಅಣ್ಣ ಡಯಲ್ ನೋಡಿದ. ತಕ್ಷಣ ಬ್ರೇಕರ್ ಇಳಿಸಿದ. "ಅಮ್ಮಾ, ಗೋಡೆ ಬಿಟ್ಟು ಈ ಕಡೆ ಬನ್ನಿ."

ತಾಯಿ ಒರಗಿದ್ದ ಕಡೆಯೇ ಗೋಡೆಯ ಮೇಲೆ, ಒಳಗೆ ಕೇಬಲ್ ಇರುವ ಪ್ಲಾಸ್ಟಿಕ್ ಪಟ್ಟಿ ಹಾದುಹೋಗಿತ್ತು. ಅವನು ಅದರ ಮುಚ್ಚಳ ಬಿಚ್ಚಿ ನೋಡಿದರೆ ಕೇಬಲಿನ ಹೊದಿಕೆ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ಪಟ್ಟಿಗೆ ತಾಗಿಕೊಂಡು ಒಣ ಬಟ್ಟೆಯ ರಾಶಿ. ಅತ್ತಿಗೆ ತಾಯಿಯ ಕೈ ಹಿಡಿದುಕೊಂಡಳು.

"ಆದ್ರೆ ದೀಪ ಆರಿತ್ತಲ್ಲ ಅಣ್ಣಾ?" ಮೈದುನನ ದನಿ ಇಳಿದಿತ್ತು.

"ಮೊದಲನೇ ಡಯಲ್ ಇದೆಯಲ್ಲ, ಈ ಕೇಬಲ್ ಎಷ್ಟು ಕರೆಂಟ್ ತಾಳುತ್ತೆ ಅಂತ ಬ್ರೇಕರ್‌ಗೆ ಹೇಳೋದು ಅದೇ. ನೀನು ಸುಳ್ಳು ಲೆಕ್ಕ ಹೇಳ್ದೆ, ಅದು ನಂಬ್ತು. ಹಳದಿ ದೀಪ ಬಂದ್ರೆ ಹೊರೆ ಮಿತಿ ಹತ್ರ ಬಂದಿದೆ ಅಂತ. ಕೆಂಪು ಬಂದ್ರೆ ದಾಟಿದೆ ಅಂತ. ಹಸಿರು, ಬ್ರೇಕರ್ ಎಚ್ಚರವಾಗಿದೆ ಅನ್ನುತ್ತೆ, ಅಷ್ಟೇ. ಕೇಬಲ್ ಚೆನ್ನಾಗಿದೆ ಅಂತಲ್ಲ."

"ಹಾಗಾದ್ರೆ ಪಕ್ಕದ ಡಯಲ್‌ಗಳು?"

"ಹೊರೆ ಜಾಸ್ತಿಯಾದ್ರೆ ಬೀಳೋ ಮೊದಲು ಎಷ್ಟು ಹೊತ್ತು ಕಾಯಬೇಕು, ಶಾರ್ಟ್ ಆದ್ರೆ ಎಷ್ಟು ಕರೆಂಟಿಗೆ ತಟ್ಟನೆ ಬೀಳಬೇಕು ಅಂತ. ಅವನ್ನೂ ಅಂದಾಜಲ್ಲಿ ತಿರುಗಿಸೋ ಹಾಗಿಲ್ಲ."

ಅತ್ತಿಗೆ ಆಸ್ಪತ್ರೆಗೆ ಫೋನ್ ಮಾಡಿ, ಇವತ್ತು ಬಟ್ಟೆ ಬರುವುದಿಲ್ಲ ಎಂದು ಹೇಳಿಬಿಟ್ಟಳು. ಮರುದಿನ ಟೆಸ್ಟರ್ ಅಣ್ಣ ಸುಟ್ಟ ಕೇಬಲ್ ಬದಲಿಸಿ, ಮೂರು ಡ್ರೈಯರಿನ ಹೊರೆಗೆ ತಕ್ಕ ದಪ್ಪ ಕೇಬಲ್ ಎಳೆದ. ಅದರ ಲೆಕ್ಕಕ್ಕೆ ಸರಿಯಾಗಿ ಡಯಲ್ ಕೂರಿಸಿ, ಪರೀಕ್ಷಾ ಗುಂಡಿ ಒತ್ತಿ ಬ್ರೇಕರ್ ಬೀಳುವುದನ್ನು ತೋರಿಸಿದ. ಆಮೇಲೆ ಮುಚ್ಚಳಕ್ಕೆ ಸೀಲ್ ಹಾಕಿದ. "ಇನ್ನು ಇದು ಬಿದ್ರೆ ಮೊದಲು ನಿಮಗೇ ಫೋನ್," ಎಂದ ಮೈದುನ.

ನಿಮ್ಮ ಅಂಗಡಿಯಲ್ಲೋ ಕಾರ್ಖಾನೆಯಲ್ಲೋ ಬ್ರೇಕರ್ ಪದೇ ಪದೇ ಬೀಳುತ್ತಿದ್ದರೆ ಅದರ ಬಾಯಿ ಮುಚ್ಚಿಸಬೇಡಿ. ಯಾವ ದೀಪ ಉರಿಯುತ್ತಿದೆ ಎಂದು ನೋಡಿ, ಒಂದೆರಡು ಯಂತ್ರ ನಿಲ್ಲಿಸಿ, ಬಲ್ಲವರನ್ನು ಕರೆಸಿ. ಗೋಡೆಯ ಪಟ್ಟಿಯೊಳಗಿನ ಕೇಬಲ್ ನಿಮಗೆ ಕಾಣುವುದಿಲ್ಲ. ಆ ಗೋಡೆಗೆ ಒರಗಿ ಕೂತವರು ನಿಮ್ಮವರೇ.