ಬಿಟ್ಟುಬಿಡಬೇಕಾದ ನೀರು

ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಬೆಳಗು. ನಲ್ಲಿ ತಿರುಗಿಸಿದೆ. ಅದು ಒಮ್ಮೆ ಕೆಮ್ಮಿ ಕಂದು ನೀರು ಸುರಿಸಿತು. ಕೊಳೆತ ಎಲೆಯ ವಾಸನೆ.

ಅತ್ತೆ ಪಾತ್ರೆಯೊಳಗೆ ಇಣುಕಿದರು. "ಟೀಪುಡಿ ಉಳೀತು ಬಿಡು. ಹಾಲು ಸಕ್ಕರೆ ಹಾಕಿದ್ರೆ ಸಾಕು."

ಮಗ ಹೋದ ಮೇಲೆ ಅವರು ಆಡಿದ ಮೊದಲ ತಮಾಷೆ. ಇಬ್ಬರೂ ನಗಲಿಲ್ಲ.

ನನ್ನ ಗಂಡ ಊರಿನ ನೀರು ಸರಬರಾಜು ಕಚೇರಿಯಲ್ಲಿ ನೀರು ಪರೀಕ್ಷಿಸುತ್ತಿದ್ದ. ನಾವಿಬ್ಬರೂ ಒಂದೇ ತರಗತಿಯಲ್ಲಿ ರಸಾಯನಶಾಸ್ತ್ರ ಓದಿದವರು. ಅವನಿಗೆ ಕೆಲಸ ಸಿಕ್ಕಿತು, ನನಗೆ ಅವನು ಸಿಕ್ಕಿದ.

ಊರಿಗೆ ನೀರು ಬರುವುದು ಒಂದು ಹಳ್ಳದಿಂದ. ಅದು ವರ್ಷವಿಡೀ ಹರಿಯುವುದಿಲ್ಲ. ಬೇಸಿಗೆಯಲ್ಲಿ ಸಣಕಲಾಗಿ, ಆಮೇಲೆ ತುಂಡುತುಂಡು ಗುಂಡಿಗಳಾಗಿ ಉಳಿಯುತ್ತದೆ. ಗುಂಡಿ ಆರಿದಷ್ಟೂ ಉಳಿದ ನೀರಿನಲ್ಲಿ ಉಪ್ಪು ಹೆಚ್ಚುತ್ತದೆ, ಆಮ್ಲಜನಕ ಸಾಲದೆ ಮೀನುಗಳು ಮೇಲೆ ಬಂದು ಬಾಯಿ ತೆರೆಯುತ್ತವೆ. ಕೊನೆಗೆ ಕಲ್ಲುಗಳ ಮೇಲೆ ಬಿಳಿ ಪೊರೆ, ಅದರ ಮೇಲೆ ಎಲೆಯ ರಾಶಿ. ಆಗಲೂ ಮರಳಿನ ಅಡಿಯಲ್ಲಿ ನೀರು ಮೆಲ್ಲಗೆ ನಡೆಯುತ್ತಲೇ ಇರುತ್ತದೆ. "ಸತ್ತಿಲ್ಲ ಕಣೇ, ಮಲಗಿದೆ ಅಷ್ಟೆ" ಎನ್ನುತ್ತಿದ್ದ.

ಮಳೆ ಬಿದ್ದು ಹಳ್ಳ ಎದ್ದಾಗ ಬರುವ ಮೊದಲ ನೀರು ಆ ಉಪ್ಪು, ಆ ಕೊಳೆ ಎಲ್ಲವನ್ನೂ ಒಟ್ಟಿಗೆ ತೊಳೆದು ತರುತ್ತದೆ. ಅದನ್ನು ಪಂಪಿಗೆ ತೆಗೆದುಕೊಳ್ಳಬಾರದು, ಹಾಗೇ ಮುಂದಕ್ಕೆ ಬಿಟ್ಟುಬಿಡಬೇಕು. ಕರಗಿದ ಉಪ್ಪನ್ನು ತೋರಿಸುವ ಮೀಟರನ್ನು ಹರಿವಿನಲ್ಲಿ ಅದ್ದಿ ನೋಡಿ, ಅಂಕಿ ಇಳಿದ ಮೇಲಷ್ಟೇ ಪಂಪು. ಕಚೇರಿಯ ಹಳೆಯ ಪದ್ಧತಿ ಅದು.

ಈ ಸಲ ಹಳ್ಳ ಎದ್ದಾಗ ಟ್ಯಾಂಕುಗಳು ಬರಿದಾಗಿದ್ದವು. ಇಂಜಿನಿಯರರಿಗೆ ಮೇಲಿನಿಂದ ಫೋನಿನ ಮೇಲೆ ಫೋನು. ಕಚೇರಿಯ ಮೀಟರು ಕೆಟ್ಟು ಕೂತಿತ್ತು. ಅವರು ಡ್ರಾಯರಿನಿಂದ ತಮ್ಮ ಸ್ವಂತ ಮೀಟರನ್ನೇ ತೆಗೆದುಕೊಟ್ಟು, ಹಳ್ಳಕ್ಕಿಳಿದು ನೋಡಿಕೊಂಡು ಬಾ ಎಂದರು. ಹೋಗುವ ದಾರಿಯಲ್ಲಿ ಅವನು ನನಗೆ ಫೋನ್ ಮಾಡಿದ.

"ಸಾಹೇಬ್ರು ತಮ್ಮ ಮೀಟರ್ ಕೊಟ್ಟಿದಾರೆ ಕಣೇ! ಮುಚ್ಚಳ ಕಳೆದ್ರೆ ತಲೆ ತೆಗೀತೀನಿ ಅಂತ ನಾಕು ಸಲ ಹೇಳಿದ್ರು. ಮಗಳನ್ನ ಮದುವೆ ಮಾಡಿ ಕಳಿಸುವಾಗ್ಲೂ ಅಳಿಯನಿಗೆ ಇಷ್ಟು ಹೇಳಿರಲಿಕ್ಕಿಲ್ಲ."

ಅವನು ನೀರಿನಲ್ಲಿ ನಿಂತಿದ್ದಾಗ ಮೇಲಿನಿಂದ ಇನ್ನೊಂದು ಪ್ರವಾಹ ಬಂತು.

ಆಸ್ಪತ್ರೆಯವರು ಒಂದು ಚೀಲ ಕೊಟ್ಟರು. ಬೀಗದ ಕೈ, ಗಡಿಯಾರ, ರೇನ್‌ಕೋಟು. ಕೋಟಿನ ಜಿಪ್ಪು ಹಾಕಿದ ಜೇಬಿನಲ್ಲಿ ಮೀಟರ್. ಮುಚ್ಚಳ ಇರಲಿಲ್ಲ.

ಮಣ್ಣು ಮಾಡಿದ ದಿನ ಕಚೇರಿಯ ಟೈಪಿಸ್ಟ್ ನನ್ನನ್ನು ಪಕ್ಕಕ್ಕೆ ಕರೆದಳು. "ಅಕ್ಕಾ, ಬೇಜಾರು ಮಾಡ್ಕೋಬೇಡಿ. ಯಾರೂ ಕಳಿಸಿರ್ಲಿಲ್ಲ, ಹೇಳದೆ ಕೇಳದೆ ಅವನೇ ಹೋದ ಅಂತ ಸಾಹೇಬ್ರು ಮೇಲಿನವರಿಗೆ ಹೇಳಿಬಿಟ್ಟಿದಾರೆ."

ಅತ್ತೆಗೆ ಕೇಳಿಸಿತ್ತು. ಅಂದಿನಿಂದ ಅವರ ಬಾಯಲ್ಲಿ ಅದೊಂದೇ ಮಾತು. ಈಗಲೂ ಕಂದು ನೀರಿನ ಮುಂದೆ ನಿಂತು ಅದನ್ನೇ ಶುರು ಮಾಡಿದರು.

"ಸತ್ತೋನು ಸತ್ತ. ಹುಂಬ ಅನ್ನಿಸ್ಕೊಂಡು ಸಾಯ್ಬೇಕಿತ್ತಾ? ಹೇಳಿದ್ದರ ಮೇಲೆ ಒಂದು ಹೆಜ್ಜೆ ಇಡೋನಲ್ಲ ನನ್ನ ಮಗ. ಸಕ್ಕರೆ ತಾರೋ ಅಂದ್ರೆ ಸಕ್ಕರೆ ತರ್ತಿದ್ದ. ಉಪ್ಪೂ ಮುಗಿದಿದೆ ಅಂತ ಅವನಿಗೆ ತಾನಾಗಿ ಹೊಳೀತಾ ಇತ್ತಾ ಯಾವತ್ತಾದ್ರೂ?"

ನಾನು ಮೀಟರನ್ನು ತಂದು ಪಾತ್ರೆಯಲ್ಲಿ ಅದ್ದಿದೆ. ಅಂಕಿ ಏರಿತು. ಕಾದೆ. ಇಳಿಯಲಿಲ್ಲ. ಬೇಡ ಎನ್ನಬೇಕಾದವನು ಹಿಂದಿರುಗಿರಲಿಲ್ಲ, ಹಾಗಾಗಿ ಪಂಪು ಓಡಿತ್ತು. ಟ್ಯಾಂಕು ಸೇರಿದ ಆ ನೀರು ಈಗ ನಮ್ಮ ಅಡುಗೆಮನೆಗೆ ಬಂದಿತ್ತು.

"ಇದನ್ನ ಸಾಹೇಬ್ರಿಗೆ ವಾಪಸ್ ಕೊಟ್ಟು ಬರ್ತೀನಿ ಅತ್ತೆ."

"ನಾನೂ ಬರ್ತೀನಿ ನಡಿ."

ಇಂಜಿನಿಯರರ ಕೋಣೆಯ ಮೂಲೆಯಲ್ಲಿ ಟೈಪಿಸ್ಟ್ ಟೈಪ್ ಮಾಡುತ್ತ ಕುಳಿತಿದ್ದಳು. ಮೇಜಿನ ಪಕ್ಕದಲ್ಲಿ ಅಂಗಡಿಯಿಂದ ತಂದ ನೀರಿನ ದೊಡ್ಡ ಕ್ಯಾನು. ಇಂಜಿನಿಯರರು ಎದ್ದು ನಿಂತು ಅತ್ತೆಗೆ ಕುರ್ಚಿ ಎಳೆದುಕೊಟ್ಟರು.

"ಆಗಬಾರದಿತ್ತಮ್ಮ. ಒಳ್ಳೇ ಹುಡುಗ. ಸ್ವಲ್ಪ ಆತುರ."

"ಯಾರೂ ಕಳಿಸಿರ್ಲಿಲ್ವಂತೆ ಸರ್?" ಎಂದೆ.

"ಅಂಥ ಹೊತ್ತಲ್ಲಿ ಯಾರು ಕಳಿಸ್ತಾರೆ, ನೀವೇ ಹೇಳಿ. ನನಗೆ ಗೊತ್ತೇ ಇರ್ಲಿಲ್ಲ. ಗೊತ್ತಿದ್ದಿದ್ರೆ ಕೈ ಹಿಡ್ಕೊಂಡು ನಿಲ್ಲಿಸ್ತಿದ್ದೆ."

ಅತ್ತೆ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದರು. ನಾನು ಚೀಲದಿಂದ ಮೀಟರ್ ತೆಗೆದು ಮೇಜಿನ ಮೇಲಿಟ್ಟೆ.

ಅವರು ಅದನ್ನು ಎತ್ತಿಕೊಂಡರು. ತಿರುಗಿಸಿ ನೋಡಿದರು, ಹೆಬ್ಬೆರಳಿನಿಂದ ಗಾಜನ್ನು ಒರೆಸಿದರು. ಬೆರಳು ತುದಿಗೆ ಹೋಗಿ ನಿಂತಿತು. ಹುಬ್ಬು ಗಂಟಾಯಿತು.

"ಮುಚ್ಚಳ ಎಲ್ಲಮ್ಮಾ? ಕೊಡುವಾಗ್ಲೇ ಅಷ್ಟು ಸಲ ಹೇಳಿದ್ದೆ ಅವನಿಗೆ..."

ಮೂಲೆಯಲ್ಲಿ ಟೈಪಿಂಗ್ ಸದ್ದು ನಿಂತಿತು. ಅತ್ತೆ ತಲೆ ಎತ್ತಿದರು.

"ಹಳ್ಳದಲ್ಲಿದೆ ಸರ್. ಯಾರನ್ನಾದ್ರೂ ಕಳಿಸಿ ತರಿಸ್ಕೊಳ್ಳಿ" ಎಂದೆ.